ಹಳೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಸೋರಿಕೆ: ಪತ್ತೆಹಚ್ಚುವುದು, ತಡೆಯುವುದು



ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ ಇವುಗಳನ್ನು ಕುರಿತು ಬರೆಯುವ ಈ ಪುಟದಲ್ಲಿ ಕಾರ್ಯದರ್ಶಿಯು ಎಂಜಿನ್ನಿನ ವಿಷಯ ಎತ್ತಿದ್ದೇಕೆ ಎಂದು ತಾವು ಕೇಳಬಹುದು. ನನ್ನ ಬಲಗೈ ಮೇಲೆ ಒಂದು ಸುಟ್ಟ ಗುರುತಿದೆ. ಅದೇ ಕಾರಣ.

ನಮ್ಮ ಸೋದರಮಾವನವರು ಬಹಳ ಹಿಂದೆ, ತೋಟ ಬಿಟ್ಟು ಹೊರಟ ಒಬ್ಬ ದೊರೆಯಿಂದ ಎಂ.ಜಿ.ಎ. ಎಂಬ ಎರಡು ಸೀಟಿನ ಓಟದ ಕಾರೊಂದನ್ನು ಕೊಂಡಿದ್ದರು. ಅವರ ನಂತರ ಅದು ನಮ್ಮ ಷೆಡ್ಡಿಗೆ ಬಂತು. ಷೆಡ್ಡಿನ ಗೋಡೆಗೆ ಹೊಂದಿಕೊಂಡೇ ಉಗ್ರಾಣ. ಎರಡು ವರ್ಷದ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಆ ಉಗ್ರಾಣದಲ್ಲಿ ಮಾರದೆ ಇಟ್ಟ 40 ಚೀಲ ಚೆರ್ರಿ ಕಾಫಿಯೂ ಅಷ್ಟಿಷ್ಟು ಚಾಲಿ ಅಡಿಕೆಯೂ ಇದ್ದವು. ಷೆಡ್ಡಿನಲ್ಲಿ ಒಂದು ವಾರದಿಂದ ಪೆಟ್ರೋಲ್ ವಾಸನೆ. "ಹಳೇ ಕಾರಲ್ಲವೇ, ವಾಸನೆ ಇದ್ದದ್ದೇ" ಎಂದು ನಾನೇ ಹೇಳಿ ಸುಮ್ಮನಾಗಿದ್ದೆ. ಮಳೆಗೆ ಮುಂಚೆ ಒಮ್ಮೆ ಓಡಿಸಿಡೋಣವೆಂದು ಎಂಜಿನ್ ಚಾಲೂ ಮಾಡಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಕಾರ್ಬುರೇಟರಿನ ಕೆಳಗೆ ಭುಗ್ಗೆಂದು ಬೆಂಕಿ ಎದ್ದಿತು. ಮನೆಯವರು ಬಚ್ಚಲಿನಿಂದ ಒದ್ದೆ ಗೋಣಿ ತಂದು ಮುಚ್ಚದೇ ಇದ್ದಿದ್ದರೆ ವರ್ಷದ ಬೆಳೆಯೆಲ್ಲ ಅಲ್ಲೇ ಬೂದಿಯಾಗುತ್ತಿತ್ತು.

ಆಮೇಲೆ ಎಂಜಿನ್ ಬಿಚ್ಚಿ ನೋಡಿದಾಗ ಸಿಕ್ಕ ದೋಷಗಳು ಎರಡು. ಎರಡನ್ನೂ ಒಂದು ವಾರ ಮೊದಲೇ ಕಂಡುಹಿಡಿಯಬಹುದಿತ್ತು. ಸೋರಿಕೆ ಎಂಬುದು ಎಂಜಿನ್ನಿನ ಮುಪ್ಪಲ್ಲ. ಅದಕ್ಕೆ ಒಂದು ಜಾಗವುಂಟು, ಒಂದು ಕಾರಣವುಂಟು. ಕ್ರಮವಾಗಿ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಈ ಪಾಠದ ಸಾರ ಇಷ್ಟೇ.

ಓಟದ ಕಾರಿಗೂ ನಮಗೂ ಏನು ಸಂಬಂಧ?

ಸಂಬಂಧ ಬಹಳ ಹತ್ತಿರದ್ದು. 1955ರಲ್ಲಿ ಇಂಗ್ಲೆಂಡಿನ ಆಬಿಂಗ್‌ಡನ್‌ನಲ್ಲಿ ತಯಾರಾಗತೊಡಗಿದ ಎಂ.ಜಿ.ಎ. ಕಾರಿನ 1489 ಸಿ.ಸಿ. ಎಂಜಿನ್ 'ಬಿ ಸೀರೀಸ್' ಎಂಬ ಮನೆತನದ್ದು. ನಮ್ಮ ಅಂಬಾಸಿಡರ್ ಕಾರಿಗೆ ಬಂದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಅದೇ ಮನೆತನದ್ದೇ. ಓಟದ ಕಾರಿಗೆ ಎರಡು ಎಸ್.ಯು. ಕಾರ್ಬುರೇಟರ್ ಇರುವುದು ಒಂದು ಮುಖ್ಯ ವ್ಯತ್ಯಾಸ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿದ್ದರೂ ನಮ್ಮ ಸದಸ್ಯರ ಷೆಡ್ಡುಗಳಲ್ಲಿ ಇನ್ನೂ ಕೆಲವು ಉಂಟು. ಹಳೆಯ ಪೆಟ್ರೋಲ್ ಜೀಪು, ಪವರ್ ಸ್ಪ್ರೇಯರ್ ಇವುಗಳಲ್ಲಿಯೂ ಪೆಟ್ರೋಲ್ ಸಾಗುವ ದಾರಿ ಟ್ಯಾಂಕಿನಿಂದ ಕಾರ್ಬುರೇಟರಿಗೇ. ಆದುದರಿಂದ ಒಂದನ್ನು ಕಲಿತರೆ ಎಲ್ಲವನ್ನೂ ಕಲಿತಂತೆ.

ಬಿ ಸೀರೀಸ್ ಎಂಜಿನ್ನಿನಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕಾರ್ಬುರೇಟರೂ ಸೈಲೆನ್ಸರಿಗೆ ಹೋಗುವ ಬಿಸಿ ಕೊಳವೆಯೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಮೇಲೆ ತೊಟ್ಟಿಕ್ಕಿದ್ದು ಕೆಳಗೆ ಕಾದ ಕಬ್ಬಿಣದ ಕಡೆಗೇ ಇಳಿಯುತ್ತದೆ.

ಮೊದಲು ಎಚ್ಚರಿಕೆ

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲಕ್ಕೆ ಹೋಗಿ ಚದುರುವುದಿಲ್ಲ. ನೆಲದ ಮೇಲೆ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಬಚ್ಚಲ ಒಲೆಯವರೆಗೂ ಅಡಿಕೆ ಬೇಯಿಸುವ ಒಲೆಯವರೆಗೂ ತಲುಪಬಲ್ಲುದು. ಆದುದರಿಂದ ವಾಸನೆ ಬಂದೊಡನೆ ಬೀಡಿ, ದೀಪ, ಒಲೆ ಇವು ದೂರವಿರಬೇಕು. ಎಂಜಿನ್ ಚಾಲೂ ಮಾಡಬಾರದು. ಸ್ವಿಚ್ಚು ಒತ್ತದೆ ಬಾಗಿಲುಗಳನ್ನು ತೆರೆದು, ವಾಹನವನ್ನು ಕೈಯಿಂದಲೇ ಅಂಗಳಕ್ಕೆ ತಳ್ಳಬೇಕು. ಸೋರಿಕೆ ಕಣ್ಣಿಗೆ ಕಾಣುವಂತಿದ್ದರೆ ಬ್ಯಾಟರಿಯ ತಂತಿಯನ್ನು ಮುಟ್ಟಬಾರದು. ಅಲ್ಲಿ ಹಾರುವ ಒಂದು ಕಿಡಿಯೇ ಸಾಕು. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಒಣ ಪುಡಿಯ ಅಗ್ನಿಶಾಮಕ, ಮರಳು ಅಥವಾ ಚೆನ್ನಾಗಿ ಹಿಂಡಿದ ಒದ್ದೆ ಗೋಣಿ ಇವೇ ತಕ್ಕವು.

ಪತ್ತೆಹಚ್ಚುವ ಕ್ರಮ

ವಾಸನೆ ಯಾವಾಗ ಬರುತ್ತದೆ ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಬಂದರೆ ಟ್ಯಾಂಕು, ಅದರ ಕೊಳವೆ, ಕಾರ್ಬುರೇಟರಿನ ಕೆಳಭಾಗ ಇವುಗಳನ್ನು ಶಂಕಿಸಬೇಕು. ಓಡುವಾಗ ಮಾತ್ರ ಬಂದರೆ ಪಂಪಿನಿಂದ ಮುಂದಿನ, ಒತ್ತಡವಿರುವ ಕೊಳವೆಗಳನ್ನು ನೋಡಬೇಕು. ಅನಂತರ ವಾಹನದ ಕೆಳಗೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಹಾಸಿ ರಾತ್ರಿ ಬಿಡಿ. ಪೆಟ್ರೋಲ್ ಬೇಗ ಆರಿದರೂ ಕೊಳೆ ತೊಳೆದು ತಂದ ಕಲೆ ಉಳಿಯುತ್ತದೆ. ಕಲೆಯ ನೇರ ಮೇಲಿರುವ ಜಾಗದಿಂದ ಹುಡುಕಲು ತೊಡಗಬಹುದು. ತೊಟ್ಟು ಕೊಳವೆಯಗುಂಟ ಹರಿದು ಬೇರೆಡೆ ಬೀಳುವುದುಂಟು. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಮೂಲ.

ಎಂ.ಜಿ.ಎ.ಯಂತಹ ಕಾರುಗಳಲ್ಲಿ ಹಿಂಭಾಗದಲ್ಲಿ ವಿದ್ಯುತ್ ಪಂಪು ಇರುತ್ತದೆ. ಹೊರಗೆ ಎಲ್ಲಿಯೂ ಒದ್ದೆ ಕಾಣದಿದ್ದರೆ ಮಾತ್ರ, ಬಯಲಿನಲ್ಲಿ ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಕಿವಿಗೊಡಿ. ಪಂಪು ಟಕಟಕ ಬಡಿದು, ಕಾರ್ಬುರೇಟರ್ ತುಂಬಿದೊಡನೆ ನಿಲ್ಲಬೇಕು. ನಿಂತು ಮತ್ತೆ ಮತ್ತೆ ಬಡಿಯುತ್ತಿದ್ದರೆ ಪೆಟ್ರೋಲ್ ಎಲ್ಲಿಯೋ ಹೋಗುತ್ತಿದೆ ಅಥವಾ ಪಂಪಿನ ಒಳಗಿನ ಕವಾಟ ಅದನ್ನು ಹಿಂದಕ್ಕೆ ಬಿಡುತ್ತಿದೆ ಎಂದರ್ಥ. ನಿಲ್ಲದೆ ಬಡಿಯುತ್ತಾ ಕಾರ್ಬುರೇಟರಿನ ಹೆಚ್ಚುವರಿ ಕೊಳವೆಯಿಂದ ತೊಟ್ಟಿಕ್ಕಿದರೆ ದೋಷ ಫ್ಲೋಟಿನದು ಅಥವಾ ನೀಡಲ್‌ನದು. ಎಲ್ಲಿಯೂ ತೊಟ್ಟಿಕ್ಕದೆ ಬಡಿಯುತ್ತಲೇ ಇದ್ದರೆ ಟ್ಯಾಂಕಿಗೂ ಪಂಪಿಗೂ ನಡುವೆ ಗಾಳಿ ಎಳೆಯುತ್ತಿರಬಹುದು. ಟ್ಯಾಂಕು ಖಾಲಿಯಲ್ಲವೆಂಬುದನ್ನೂ ನೋಡಿಕೊಳ್ಳಿ!

ಕಾರ್ಬುರೇಟರಿನಲ್ಲಿ ನೋಡಬೇಕಾದ ಜಾಗಗಳು

ಫ್ಲೋಟ್ ಎಂದರೆ ಪೆಟ್ರೋಲಿನ ಮೇಲೆ ತೇಲುವ ಡಬ್ಬಿ. ಮಟ್ಟ ಏರಿದಾಗ ಅದು ನೀಡಲ್‌ ಅನ್ನು ಒತ್ತಿ ದಾರಿ ಮುಚ್ಚುತ್ತದೆ. ನೀಡಲ್ಲಿನ ಕೆಳಗೆ ಒಂದು ಕಣ ಕಸ ಕುಳಿತರೂ ದಾರಿ ಮುಚ್ಚುವುದಿಲ್ಲ. ಮೊದಲು ಬಿಚ್ಚಿ ಶುಚಿಮಾಡಿ. ನೀಡಲ್ಲಿನ ತುದಿಯಲ್ಲಿ ಉಂಗುರದಂತೆ ಸವೆದ ಗೆರೆ ಇದ್ದರೆ ನೀಡಲ್ ಮತ್ತು ಅದರ ಸೀಟು ಎರಡನ್ನೂ ಬದಲಿಸಬೇಕು. ಹಿತ್ತಾಳೆಯ ಫ್ಲೋಟ್ ತೂತಾದರೆ ಒಳಗೆ ಪೆಟ್ರೋಲ್ ಸೇರಿ ಮುಳುಗುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಕುಲುಕುವ ಶಬ್ದ ಕೇಳುತ್ತದೆ. ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಅದ್ದಿದರೆ ಗುಳ್ಳೆ ಏಳುತ್ತವೆ. ಅಂತಹದನ್ನು ಬೆಸುಗೆ ಹಾಕಿಸಲು ಹೋಗದೆ ಹೊಸದನ್ನೇ ಹಾಕಿ.

ಎಂ.ಜಿ.ಎ.ಯ ಕಾರ್ಬುರೇಟರಿನಲ್ಲಿ, ಚೋಕ್ ಎಳೆದಾಗ ಕೆಳಕ್ಕೆ ಸರಿಯುವ ಜೆಟ್ಟಿನ ಸುತ್ತ ಪುಟ್ಟ ಕಾರ್ಕ್ ವಾಷರುಗಳಿವೆ. ಕಾರು ಓಡುತ್ತಿದ್ದರೆ ಅವು ಪೆಟ್ರೋಲಿನಲ್ಲಿ ನೆನೆದು ಉಬ್ಬಿ ಬಿಗಿಯಾಗಿರುತ್ತವೆ. ತಿಂಗಳುಗಟ್ಟಲೆ ನಿಂತರೆ ಒಣಗಿ ಕುಗ್ಗುತ್ತವೆ. ನನ್ನ ಕಾರಿನ ಮೊದಲ ದೋಷ ಇದೇ. ಹೊಸ ಕಾರ್ಕುಗಳನ್ನು ಎಣ್ಣೆಯಲ್ಲಿ ನೆನೆಸಿ ಹಾಕಿದ ಮೇಲೆ ತೊಟ್ಟು ನಿಂತಿತು. ನಮ್ಮ ಸ್ಪ್ರೇಯರುಗಳೂ ವರ್ಷದಲ್ಲಿ ಕೆಲವೇ ವಾರ ಓಡಿ ಮಿಕ್ಕ ದಿನ ನಿಂತಿರುವವು. ಓಟಕ್ಕಿಂತ ನಿಲುಗಡೆಯೇ ವಾಷರುಗಳಿಗೆ ಹೆಚ್ಚು ಹಾನಿ ಮಾಡುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯ ದೋಷ ನಾನೇ ಮಾಡಿದ್ದು. ಹಳೆಯ ರಬ್ಬರ್ ಹೋಸ್ ಸೀಳಿದಾಗ, ಪೇಟೆಗೆ ಹೋಗುವ ಸೋಮಾರಿತನದಿಂದ, ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಸಿಕ್ಕಿಸಿದ್ದೆ. ಅದು ಪೆಟ್ರೋಲಿನಲ್ಲಿ ಗಡುಸಾಗಿ ಕ್ಲಿಪ್ಪಿನ ಬಳಿ ಬಿರುಕುಬಿಟ್ಟಿತ್ತು. ನೀರಿನ ಕೊಳವೆ, ಔಷಧಿ ಹೊಡೆಯುವ ಕೊಳವೆ ಯಾವುದೂ ಪೆಟ್ರೋಲಿಗೆ ಸಲ್ಲವು.

ಜೀಪು ಮತ್ತು ಸ್ಪ್ರೇಯರಿನ ವಿಶೇಷ

ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಎಂಜಿನ್ನಿನ ಪಕ್ಕದಲ್ಲಿ ಡಯಾಫ್ರಮ್ ಪಂಪು ಇದೆ. ಡಯಾಫ್ರಮ್ ಹರಿದರೆ ಪೆಟ್ರೋಲ್ ಹೊರಗೆ ಸೋರಬಹುದು, ಇಲ್ಲವೇ ಎಂಜಿನ್ ಆಯಿಲ್ಲಿಗೆ ಇಳಿಯಬಹುದು. ಸ್ಪ್ರೇಯರುಗಳಲ್ಲಿ ಸಾಮಾನ್ಯವಾಗಿ ಟ್ಯಾಂಕು ಕಾರ್ಬುರೇಟರಿಗಿಂತ ಮೇಲಿದೆ. ನೀಡಲ್ ಸರಿಯಾಗಿ ಮುಚ್ಚದಿದ್ದರೆ ಪೂರ್ತಿ ಟ್ಯಾಂಕು ತಾನಾಗಿಯೇ ಇಳಿದುಹೋಗುತ್ತದೆ. ಕೆಲಸ ಮುಗಿದೊಡನೆ ಪೆಟ್ರೋಲ್ ಕಾಕ್ ಮುಚ್ಚುವುದು ಕಡ್ಡಾಯ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಆಯಿಲ್ ಮಟ್ಟ ಏರಿದ್ದು, ಅಳತೆ ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಚಾಲೂ ಮಾಡದೆ ದೋಷ ಸರಿಪಡಿಸಿ, ಆಯಿಲ್ ಬದಲಿಸಬೇಕು.

ಹೊಸ ಪೆಟ್ರೋಲ್, ಹಳೆಯ ರಬ್ಬರ್

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ನೀಡಲಾಯಿತು. ಈಗ ಬಂಕುಗಳಲ್ಲಿ ದೊರೆಯುವುದು ಹೆಚ್ಚಾಗಿ ಅದೇ. ಹಳೆಯ ಎಂಜಿನ್ನಿನ ರಬ್ಬರ್, ಕಾರ್ಕು, ಅಂಟು ಇವನ್ನು ತಯಾರಿಸಿದಾಗ ಈ ಮಿಶ್ರಣ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತುವಾಗಿಸುತ್ತದೆ. ಆರಿದಾಗ ಅದು ಬಿರಿಯುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ ನೀರು ಸೇರಿದ ಎಥನಾಲ್ ಬೇರ್ಪಟ್ಟು ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಪುಡಿಯೇ ನೀಡಲ್ಲಿನ ಕೆಳಗಿನ ಕಸ. ಆದುದರಿಂದ ಹೋಸ್ ಕೊಳ್ಳುವಾಗ ಎಥನಾಲ್ ಮಿಶ್ರಣಕ್ಕೆ ತಕ್ಕುದೇ ಎಂದು ಕೇಳಿಯೇ ಕೊಳ್ಳಿ.

ತಡೆಯುವ ಕ್ರಮ

1. ಬೋರ್ಡೋ ಸಿಂಪಡಣೆಗೆ ಮುಂಚೆ ವರ್ಷಕ್ಕೊಮ್ಮೆ ಎಲ್ಲ ಹೋಸುಗಳನ್ನೂ ಬೆರಳಿನಿಂದ ಬಗ್ಗಿಸಿ ನೋಡಿ. ಗಡುಸಾಗಿದ್ದರೂ ಜಿಗುಟಾಗಿದ್ದರೂ ಬಿರುಕು ಕಂಡರೂ ಬದಲಿಸಿ.

2. ಬಿಚ್ಚಿದ ಫೈಬರ್ ವಾಷರನ್ನು ಮತ್ತೆ ಹಾಕಬೇಡಿ. ಸೋರುತ್ತದೆಂದು ನಟ್ಟನ್ನು ಅತಿಯಾಗಿ ಬಿಗಿದರೆ ಮರೆ ಹಾಳಾಗಿ ಸೋರಿಕೆ ಹೆಚ್ಚುತ್ತದೆ.

3. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಪೆಟ್ರೋಲ್ ಕೊಳವೆಗೆ ಸುತ್ತಬೇಡಿ. ಅದರ ಚೂರು ಹೋಗಿ ನೀಡಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ.

4. ದಾರಿಯಲ್ಲಿ ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ಉಜ್ಜಿ ತಡೆಯುವುದುಂಟು. ಅದು ಮನೆ ಸೇರುವವರೆಗೆ ಮಾತ್ರ.

5. ಖಾಲಿ ಟ್ಯಾಂಕಿಗೆ ಹಾಗೆಯೇ ವೆಲ್ಡಿಂಗ್ ಮಾಡಿಸಬೇಡಿ. ದ್ರವವಿಲ್ಲದಿದ್ದರೂ ಒಳಗಿನ ಆವಿ ಸಿಡಿಯುತ್ತದೆ. ಆವಿಯನ್ನು ಪೂರ್ತಿ ತೆಗೆದು ಕೆಲಸ ಮಾಡಬಲ್ಲವರಿಗೇ ಕೊಡಿ.

6. ತಿಂಗಳಿಗಿಂತ ಹೆಚ್ಚು ನಿಲ್ಲಿಸುವ ಸ್ಪ್ರೇಯರಿನ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬಯಲಿನಲ್ಲಿ ಖಾಲಿಮಾಡಿ. ಮತ್ತೆ ಓಡಿಸುವ ಮೊದಲು ಪೆಟ್ರೋಲ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಒಣಗಿದ ವಾಷರುಗಳಿಂದ ಸೋರುತ್ತದೆಯೇ ನೋಡಿ.

7. ಪೆಟ್ರೋಲ್ ಎಂಜಿನ್ನನ್ನು ಕಾಫಿ, ಅಡಿಕೆ, ಸೌದೆ ಇರುವ ಜಾಗದಲ್ಲಿ ನಿಲ್ಲಿಸಬೇಡಿ.

ನನ್ನ ಕಾರು ಈಗ ಉಗ್ರಾಣದಿಂದ ದೂರ, ಬೇರೆ ಚಪ್ಪರದಡಿ ನಿಂತಿದೆ. ಅದಕ್ಕೆ ಹಾಕಿದ ಕಾರ್ಕು, ವಾಷರು, ಹೋಸುಗಳ ಬೆಲೆಯೆಲ್ಲ ಸೇರಿದರೂ ಒಂದು ಚೀಲ ಕಾಫಿಯ ಬೆಲೆ ಆಗಲಿಲ್ಲ. ಉಳಿದದ್ದು 40 ಚೀಲ. ಸದಸ್ಯರು ಈ ಸಲ ಸ್ಪ್ರೇಯರನ್ನು ಹೊರಗೆ ತೆಗೆಯುವ ದಿನ, ಹಗ್ಗ ಎಳೆಯುವ ಮೊದಲು, ಒಮ್ಮೆ ಬಗ್ಗಿ ಮೂಸಿ ನೋಡಬೇಕೆಂದು ನನ್ನ ವಿನಂತಿ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ