ಲೋಗೋ ಬಿಡಿ, ಗಾಜು ನೋಡಿ

ಪ್ರಶ್ನೆ: ಸಿಗ್ನಲ್‌ನಲ್ಲಿ ಹಸಿರು ಬಣ್ಣದ ಫೋಕ್ಸ್‌ವ್ಯಾಗನ್ ಬೀಟಲ್ ಒಂದು ನನ್ನ ಸ್ಕೂಟರಿನ ಮುಂದೆಯೇ ನಿಂತಿತ್ತು. ಹಿಂದಿನ ಗಾಜು ಚಿಕ್ಕದು, ಮೊಟ್ಟೆಯಾಕಾರ. ‘ಬೀಟಲ್ ಎಲ್ಲಾ ಒಂದೇ ಕಣೋ’ ಅನ್ನುತ್ತಾನೆ ಗೆಳೆಯ. ನಿಜವೇ?
– ಓದುಗರು, ಮೈಸೂರು

ಉತ್ತರ: ಬೀಟಲ್‌ನ ಜಾತಕ ಇರುವುದೇ ಹಿಂದಿನ ಗಾಜಿನಲ್ಲಿ. 1953ರ ಮಾರ್ಚ್‌ವರೆಗೆ ಆ ಗಾಜು ಎರಡು ಹೋಳು, ನಡುವೆ ತಗಡಿನ ಪಟ್ಟಿ. ಪಟ್ಟಿ ಹೋದ ಮೇಲೆ ಮೊಟ್ಟೆಯಾಕಾರ ಬಂತು, 1957ರ ನಡುವಿನವರೆಗೆ ನಡೆಯಿತು. 1958ರ ಮಾಡೆಲ್‌ನಿಂದ ಅಗಲವಾದ ಆಯತ. 1965ರ ಮಾಡೆಲ್‌ನಲ್ಲಿ ಎಲ್ಲ ಗಾಜುಗಳೂ ಇನ್ನಷ್ಟು ದೊಡ್ಡವಾದವು. ನೀವು ಕಂಡದ್ದು ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ತಯಾರಾದ ಬಗೆ.

ಹಾಗಂತ ಕೂಡಲೇ ಕುಣಿಯಬೇಡಿ. ಲೋಗೋ, ಬಂಪರ್ ಬದಲಿಸುವುದು ದೊಡ್ಡ ಕೆಲಸವಲ್ಲ, ಅವುಗಳ ಸಾಕ್ಷಿಗೆ ಬೆಲೆಯಿಲ್ಲ. ಗಾಜಿನ ಆಕಾರ ಬದಲಿಸಲು ಬಾಡಿಯನ್ನೇ ಕತ್ತರಿಸಬೇಕು, ಅದಕ್ಕೇ ಅದನ್ನು ನಂಬಬಹುದು. ಆದರೆ ಹಳೆಯ ಗಾಜಿಗೆ ಬೆಲೆ ಬಂದ ಮೇಲೆ ಕತ್ತರಿಸಿ ಕೂರಿಸುವವರೂ ಹುಟ್ಟಿಕೊಂಡಿದ್ದಾರೆ! ಅನುಮಾನವಿದ್ದರೆ ಬಾಗಿಲ ಹಿಂದಿನ ಕಂಬ ನೋಡಿ. ಆ ಕಾಲದ ಯುರೋಪಿನ ಬೀಟಲ್‌ಗೆ ಮಿನುಗುವ ಇಂಡಿಕೇಟರ್ ಇರಲಿಲ್ಲ. ಕಂಬದ ಸೀಳಿನಿಂದ ಪುಟ್ಟ ಕೈಯೊಂದು ಹೊರಗೆ ಚಾಚಿಕೊಳ್ಳುತ್ತಿತ್ತು. ಹೆಡ್‌ಲೈಟಿನ ಗಾಜೂ ಮಡ್‌ಗಾರ್ಡಿನ ಇಳಿಜಾರಿನಂತೆಯೇ ಹಿಂದಕ್ಕೆ ವಾಲಿರಬೇಕು. ನೆಟ್ಟಗೆ ನಿಂತಿದ್ದರೆ ಆ ಮಡ್‌ಗಾರ್ಡ್ ಅರವತ್ತರ ದಶಕದ ಕೊನೆಯದು ಅಥವಾ ಆಮೇಲಿನದು, ಎಲ್ಲಿಂದಲೋ ತಂದು ಜೋಡಿಸಿದ್ದು.

ಪ್ರಶ್ನೆ: ದೊಡ್ಡ ಅಮೆರಿಕನ್ ಕಾರು ಕಂಡರೆ ಸಾಕು, ನಮ್ಮಪ್ಪ ‘ಇಂಪಾಲಾ’ ಅಂದುಬಿಡುತ್ತಾರೆ. ಹೇಗೆ ತಿದ್ದಲಿ?
– ಓದುಗರು, ದಾವಣಗೆರೆ

ಉತ್ತರ: ತಿದ್ದಬೇಡಿ, ಹಿಂದಿನ ದೀಪ ಎಣಿಸಲು ಹೇಳಿ. 1958ರಲ್ಲಿ ಷೆವ್ರೊಲೆ ಇಂಪಾಲಾ ಬಂದಾಗ ಒಂದೊಂದು ಬದಿಗೆ ಮೂರು ದುಂಡು ದೀಪ. ಉಳಿದ ಷೆವ್ರೊಲೆ ಕಾರುಗಳಿಗೆ ಎರಡು. 1960ರಲ್ಲೂ ಇದೇ ಲೆಕ್ಕ. ನಡುವಿನ 1959ರದ್ದು ಮಾತ್ರ ತರಲೆ: ಡಿಕ್ಕಿಯ ಮೇಲೆ ರೆಕ್ಕೆಗಳು ಎರಡೂ ಕಡೆಗೆ ಚಪ್ಪಟೆ ಮಲಗಿವೆ, ಅವುಗಳಡಿ ಬೆಕ್ಕಿನ ಕಣ್ಣಿನಂಥ ಒಂದೊಂದು ದೀಪ. ಅಗ್ಗದ ಬಿಸ್ಕೇನ್‌ಗೂ ಅದೇ ಕಣ್ಣು, ಆ ವರ್ಷ ದೀಪ ನೋಡಿ ಪ್ರಯೋಜನವಿಲ್ಲ. ರೆಕ್ಕೆ ನೆಟ್ಟಗೆ ನಿಂತಿದ್ದರೆ 1957ರ ಬೆಲ್ ಏರ್ ಇರಬಹುದು. ಅದರಲ್ಲಿ ಪೆಟ್ರೋಲ್ ಹಾಕುವ ಬಾಯಿ ಎಡ ರೆಕ್ಕೆಯ ಹಿಂದಿನ ಕ್ರೋಮ್ ಪಟ್ಟಿಯೊಳಗೆ ಅಡಗಿದೆ. ಆಗ ಇಂಪಾಲಾ ಇನ್ನೂ ಹುಟ್ಟೇ ಇರಲಿಲ್ಲ ಎಂದು ಅಪ್ಪನಿಗೆ ನಿಧಾನವಾಗಿ ತಿಳಿಸಿ.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಿಂದ ಫೋಟೊ ಕಳಿಸಿದ್ದಾಳೆ. ಬೂದು ಕಾರು, ಬಾಗಿಲು ಮೇಲಕ್ಕೆ ತೆರೆದಿದೆ. ಮರ್ಸಿಡಿಸ್ ತಾನೇ?
– ಓದುಗರು, ಧಾರವಾಡ

ಉತ್ತರ: ಮೈಗೆ ಬಣ್ಣ ಹಚ್ಚಿದೆಯೇ ಎಂದು ಕೇಳಿ. ಬಣ್ಣವಿಲ್ಲದ ಬರೀ ಸ್ಟೀಲು, ಚೂಪು ಅಂಚುಗಳು ಎಂದಾದರೆ ಅದು 1981ರಿಂದ ಬೆಲ್‌ಫಾಸ್ಟ್ ಬಳಿ ತಯಾರಾದ ಡಿಲೋರಿಯನ್, ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾದ್ದು. ಮರ್ಸಿಡಿಸ್ 300 ಎಸ್‌ಎಲ್ ದುಂಡುಮೈಯದು. ಈ ಬಾಗಿಲಿನ ಬಗೆ 1954ರಿಂದ 57ರವರೆಗೆ ತಯಾರಾದದ್ದು 1,400 ಮಾತ್ರ. ಅದರ ಬಾಗಿಲು ಮೇಲಕ್ಕೆ ಹೋದದ್ದು ಶೋಕಿಗಲ್ಲ. ತೆಳು ಕೊಳವೆಗಳನ್ನು ಬೆಸೆದು ಮಾಡಿದ ಚಾಸಿ ಪಕ್ಕಗಳಲ್ಲಿ ಬಹಳ ಎತ್ತರ, ಮಾಮೂಲಿ ಬಾಗಿಲಿಗೆ ಜಾಗವೇ ಇರಲಿಲ್ಲ. ಆ ಅಗಲ ಹೊಸ್ತಿಲು ದಾಟಿ ಕೂರಲಿಕ್ಕಾಗಿ ಸ್ಟೀರಿಂಗ್ ಕೂಡ ಮಡಚಿಕೊಳ್ಳುತ್ತದೆ.

ಪ್ರಶ್ನೆ: ಅಜ್ಜನ ಫಿಯಟ್ ಕಾರಿನ ಮುಂದಿನ ಬಾಗಿಲು ಉಲ್ಟಾ ತೆರೆಯುತ್ತದೆ. ಗ್ಯಾರೇಜಿನವರು ತಪ್ಪಾಗಿ ಕೂರಿಸಿದರೇ? ಇದು ವಿದೇಶಿ ಕಾರು ಎನ್ನಬಹುದೇ?
– ಓದುಗರು, ಕುಮಟಾ

ಉತ್ತರ: ಗ್ಯಾರೇಜಿನವರನ್ನು ಬೈಯಬೇಡಿ. ಐವತ್ತರ ದಶಕದ ಫಿಯಟ್ 1100 ಕಾರಿನ ಮುಂಬಾಗಿಲಿನ ಕೀಲು ನಡುಗಂಬದಲ್ಲೇ ಇತ್ತು. ಆಮೇಲಿನ 1100ಡಿಗೆ ಮಾಮೂಲಿ ಬಾಗಿಲು. ಅದೇ ಕಾರು ಮುಂದೆ ಪ್ರೀಮಿಯರ್ ಪದ್ಮಿನಿಯಾಯಿತು. ಇಟಲಿಯದೋ ಮುಂಬೈಯದೋ ಎಂಬುದನ್ನು ನಂಬರ್ ಪ್ಲೇಟ್ ಹೇಳುವುದಿಲ್ಲ, ಅದು ನೋಂದಣಿಯಾದ ಊರನ್ನಷ್ಟೇ ಹೇಳುತ್ತದೆ. ಬಾನೆಟ್ ಎತ್ತಿ ತಯಾರಕರ ತಗಡಿನ ಫಲಕ ಹುಡುಕಿ. ಮೇಲೆ ಪೇಂಟ್ ಮೆತ್ತಿಕೊಂಡಿದ್ದರೆ ಮರಳು ಕಾಗದ ಹಾಕಿ ಉಜ್ಜಬೇಡಿ, ಅಕ್ಷರವೂ ಹೋದೀತು. ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಒರೆಸಿ.