ನಕ್ಷೆಗೆ ಮೊದಲು ಉಳಿ



ಕುರ್ಚಿ, ಮೇಜು, ಕಪಾಟು ಮುಂತಾದ ವಸ್ತುಗಳು ಹೇಗಿರಬೇಕೆಂದು ಯೋಚಿಸಿ ನಕ್ಷೆ ತಯಾರಿಸುವುದು ಈಗ ಒಂದು ಪ್ರತ್ಯೇಕ ವಿದ್ಯೆಯಾಗಿದೆ. ಇದಕ್ಕೆ ವಿನ್ಯಾಸ ಅಥವಾ ಡಿಸೈನ್ ಎನ್ನುತ್ತಾರೆ. ಇದನ್ನು ಕಲಿಯಲು ಬಂದ ವಿದ್ಯಾರ್ಥಿಯ ಕೈಗೆ ಮೊದಲು ಪೆನ್ಸಿಲ್ ಕೊಡಬೇಕೋ, ಉಳಿ ಕೊಡಬೇಕೋ? ಲೇಖನಿ ಹಿಡಿದು ಹೊಟ್ಟೆ ಹೊರೆಯುವ ನಾವೂ ಯೋಚಿಸತಕ್ಕ ಪ್ರಶ್ನೆಯಿದು.

ಜರ್ಮನಿಯ ವೈಮಾರ್ ಪಟ್ಟಣದಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ‘ಬೌಹೌಸ್’ ಎಂಬ ಶಾಲೆಯನ್ನು ತೆರೆದರು. ಅಲ್ಲಿಯ ಕಾರ್ಯಾಗಾರಗಳಿಗೆ ಆರಂಭದ ವರ್ಷಗಳಲ್ಲಿ ಇಬ್ಬರು ಗುರುಗಳಿರುತ್ತಿದ್ದರು. ರೂಪದ ವಿಚಾರ ಕಲಿಸಲು ಒಬ್ಬ ಕಲಾವಿದ, ಕೈಕೆಲಸ ಕಲಿಸಲು ಒಬ್ಬ ನುರಿತ ಕಸುಬುದಾರ. ತಲೆಗೆ ಒಬ್ಬ, ಕೈಗೆ ಒಬ್ಬ ಎಂದರೂ ಸರಿಯೆ.

ಮರಗೆಲಸದ ಉಪಕರಣಗಳು ಇಂಥ ವಿದ್ಯಾರ್ಥಿಗೆ ಏನು ಕಲಿಸುತ್ತವೆ? ಮೂರು ಪಾಠಗಳನ್ನು ನೋಡೋಣ.

ಮೊದಲನೆಯದು, ನಂಬುವ ಮುನ್ನ ಪರೀಕ್ಷಿಸುವುದು. ಮೂಲೆಮಟ್ಟವನ್ನು (ಮುಂಬಯಿಯ ಬಡಗಿಗಳ ಗುಣ್ಯಾ) ಹಲಗೆಯ ನೇರವಾದ ಅಂಚಿಗೆ ಒತ್ತಿ ಒಂದು ಗೆರೆ ಎಳೆಯಿರಿ. ಅದನ್ನೇ ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸರಿ. ನಡುವೆ ಸಂದು ಕಂಡರೆ ಅದು ತಪ್ಪು. ಮಟ್ಟದ ನಿಜವಾದ ದೋಷ ಆ ಸಂದಿನ ಅರ್ಧದಷ್ಟು. ಲೆಕ್ಕ ತಾಳೆ ನೋಡುವ ಗುಮಾಸ್ತರಿಗೆ ಇದರ ಮರ್ಮ ಬೇಗನೆ ತಿಳಿದೀತು.

ಎರಡನೆಯದು, ವಸ್ತುವಿನ ಸ್ವಭಾವ. ಮರಕ್ಕೆ ಎಳೆಯುಂಟು. ಎಳೆ ಸಾಗುವ ದಿಕ್ಕಿನಲ್ಲಿ ಕೀಸುಳಿ ಹೊಡೆದರೆ ಸುರುಳಿ ಸುರುಳಿಯಾಗಿ ಹೊಟ್ಟು ಏಳುತ್ತದೆ, ಮೈ ನುಣುಪಾಗುತ್ತದೆ. ಎದುರು ಹೊಡೆದರೆ ಎಳೆ ಕಿತ್ತು ಮೈ ಒರಟಾಗುತ್ತದೆ. ಕಾಗದ ಪೆನ್ಸಿಲ್ಲಿಗೆ ಎಂದೂ ‘ಇಲ್ಲ’ ಎನ್ನುವುದಿಲ್ಲ, ಮರ ಎನ್ನುತ್ತದೆ. ಆ ‘ಇಲ್ಲ’ ಕೈಗೆ ತಾಗಿದ ಮೇಲೆ ಬರೆದ ನಕ್ಷೆಯೇ ಬೇರೆ.

ಮೂರನೆಯದು, ಹವೆಯ ಲೆಕ್ಕ. ಮಳೆಗಾಲದಲ್ಲಿ ಕೋಣೆಯ ಬಾಗಿಲು ಬಿಗಿಯುವುದನ್ನು ನಾವೆಲ್ಲ ಬಲ್ಲೆವು. ತೇವ ಕುಡಿದ ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಅದಕ್ಕೆಂದೇ ಬಲ್ಲ ಬಡಗಿ ಬಾಗಿಲಿನ ಚೌಕಟ್ಟಿಗೆ ಗಾಡಿ ಕೊರೆದು, ನಡುವಿನ ಹಲಗೆಯನ್ನು ಅಂಟು ಮೊಳೆಗಳಿಲ್ಲದೆ ಸಡಿಲವಾಗಿ ಕೂರಿಸುತ್ತಾನೆ. ಹಿಗ್ಗಲು ಎಡೆಯಿಲ್ಲದಿದ್ದರೆ ಹಲಗೆ ಉಬ್ಬುತ್ತದೆ, ಕುಗ್ಗಲು ಎಡೆಯಿಲ್ಲದಿದ್ದರೆ ಸೀಳುತ್ತದೆ. ಅಂದಕ್ಕೆಂದು ನಾವು ತಿಳಿದ ಆ ಚೌಕಟ್ಟು ಅನುಭವದಿಂದ ಹುಟ್ಟಿದ ವಿನ್ಯಾಸ.

ಯಂತ್ರಗಳ ಕಾಲದಲ್ಲಿ ಇದೆಲ್ಲ ಏಕೆ ಎಂದು ಕೇಳುವವರುಂಟು. ಮಾರ್ಸೆಲ್ ಬ್ರಾಯರ್ ಎಂಬ ತರುಣ ಅದೇ ಬೌಹೌಸಿನ ಮರಗೆಲಸದ ಶಾಲೆಯಲ್ಲಿ ಪಳಗಿದವನು. 1925ರ ಸುಮಾರಿಗೆ ಸೈಕಲ್ಲಿನ ಹ್ಯಾಂಡಲ್ ನೋಡಿ, ಬಾಗಿಸಿದ ಉಕ್ಕಿನ ಕೊಳವೆಯಿಂದ ಕುರ್ಚಿ ಮಾಡಿದವನೂ ಅವನೇ. ಕೊಳವೆಯ ಕುರ್ಚಿಗಳು ಮುಂದೆ ಜಗತ್ತಿನ ಕಚೇರಿಗಳನ್ನೆಲ್ಲ ತುಂಬಿದವು. ಮರದಲ್ಲಿ ಕಲಿತ ಕೈ ಉಕ್ಕಿಗೂ ಒದಗಿತು.

ನಮ್ಮ ದೇಶದಲ್ಲಿಯೂ ಈ ವಿಚಾರ ನಡೆದಿದೆ. ಸರ್ಕಾರದ ಆಹ್ವಾನದ ಮೇರೆಗೆ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಂದು ವರದಿ ಕೊಟ್ಟರು. ನೀರಿನ ತಂಬಿಗೆಯ ರೂಪವನ್ನು ಅದರಲ್ಲಿ ಮನಸಾರೆ ಮೆಚ್ಚಿದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಮಾಡಿ ಕಲಿಯುವುದು ಅಲ್ಲಿಯ ಪದ್ಧತಿ; ಮರಗೆಲಸದ ಕಾರ್ಯಾಗಾರವೂ ಅಲ್ಲುಂಟು. ಮುಂಬಯಿಯ ಐ.ಐ.ಟಿ.ಯಲ್ಲಿ 1969ರಲ್ಲಿ ಔದ್ಯೋಗಿಕ ವಿನ್ಯಾಸ ಕೇಂದ್ರ ಆರಂಭವಾಯಿತು.

ಬರವಣಿಗೆ ಮೇಲಿನದು, ಕೈಕೆಲಸ ಕೆಳಗಿನದು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಇದರಿಂದ ಮರ ಬಲ್ಲವನಿಗೆ ಶಾಲೆ ದೂರವಾಯಿತು, ಶಾಲೆ ಕಲಿತವನಿಗೆ ಮರ ದೂರವಾಯಿತು. ನಷ್ಟ ಇಬ್ಬರಿಗೂ ಆಯಿತು. ಮನೆಯ ಹುಡುಗನಾಗಲಿ ಹುಡುಗಿಯಾಗಲಿ ಬಡಗಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಗದರಿಸಿ ಕರೆಯಬೇಡಿ. ಬಡಗಿಯನ್ನು ಕೇಳಿಕೊಂಡು, ಒಂದು ತುಂಡು ಮರವನ್ನೂ ಕೀಸುಳಿಯನ್ನೂ ಮಗುವಿನ ಕೈಗೆ ಕೊಡಿಸಿರಿ. ಎಳೆ ಯಾವ ಕಡೆಗಿದೆಯೆಂದು ಅದೇ ಕಂಡುಕೊಳ್ಳಲಿ.