ನಂತೂರಿನಲ್ಲಿ ಬಿಸಿ, ಹೆದ್ದಾರಿಯಲ್ಲಿ ತಂಪು

ನಿಮ್ಮ ಪತ್ರದ ಒಂದು ಸಾಲೇ ಅರ್ಧ ರೋಗ ಹೇಳಿಬಿಟ್ಟಿದೆ: ಸುರತ್ಕಲ್ ದಾಟಿ ಹೆದ್ದಾರಿ 66ರಲ್ಲಿ ಓಡುವಾಗ ಏಸಿ ತಂಪು, ಮಂಗಳೂರಿನ ನಂತೂರು ವೃತ್ತದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಬಿಸಿಗಾಳಿ. ಹಾಗಾದರೆ ಗ್ಯಾಸ್ ತುಂಬಿಸಲು ಓಡಬೇಡಿ. ಓಡುವ ಕಾರಿನ ಕಂಡೆನ್ಸರನ್ನು ಎದುರುಗಾಳಿಯೇ ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಎಂಜಿನ್ ಚಾಲೂ ಇಟ್ಟು, ಏಸಿ ಹಾಕಿ, ಬಾನೆಟ್ ಎತ್ತಿ ಐದು ನಿಮಿಷ ನೋಡಿ. ಕೈ ಮಾತ್ರ ಹಾಕಬೇಡಿ. ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಕೊನೆಗೆ ಮೋಟಾರ್ ಪರೀಕ್ಷಿಸಲು ಹೇಳಿ.

ತಿರುಗುತ್ತಿದೆಯೇ? ಗ್ರಿಲ್ಲಿನೊಳಗೆ ಟಾರ್ಚ್ ಬಿಡಿ. ಕಡಲ ಪಕ್ಕ ನಿಲ್ಲುವ ಕಾರುಗಳ ಕಂಡೆನ್ಸರ್ ಕಂಡಿದ್ದೇನೆ: ಅಲ್ಯೂಮಿನಿಯಂ ರೆಕ್ಕೆಗಳು ಉಪ್ಪುಗಾಳಿಗೆ ಬೆಳ್ಳಗೆ ಪುಡಿಗಟ್ಟಿ, ಬೆರಳು ತಾಗಿದರೆ ಸುಟ್ಟ ಹಪ್ಪಳದಂತೆ ಉದುರುತ್ತವೆ. ಅಷ್ಟಾಗಿದ್ದರೆ ಬದಲಿಸಲೇಬೇಕು. ಬರೀ ಧೂಳಾದರೆ ಎಂಜಿನ್ ಆರಿದ ಮೇಲೆ ಮೆದುವಾಗಿ ನೀರು ಹಾಯಿಸಿ. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆ ಮಡಚಿ ಇನ್ನಷ್ಟು ಕೆಡುತ್ತದೆ. ಎಣ್ಣೆಯ ಜಿಡ್ಡು ಕಂಡರೆ ಅಲ್ಲಿ ಸೋರಿಕೆಯ ಗುಮಾನಿ ಇಡಿ.

ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕೆಂದು ಗ್ಯಾರೇಜಿನವರು ಹೇಳಿದರಂತೆ. ಅದೇನು ಪೆಟ್ರೋಲೇ, ಖರ್ಚಾಗಲು? ಹಳೆ ಕಾರಿನಲ್ಲಿ ಅಷ್ಟಿಷ್ಟು ಜಿನುಗಬಹುದು. ಒಂದೇ ಬೇಸಿಗೆಗೆ ಮುಗಿದರೆ ಎಲ್ಲೋ ತೂತಿದೆ. ಅದನ್ನು ಮುಚ್ಚಿ, ವ್ಯಾಕ್ಯೂಮ್ ಮಾಡಿ, ಬಾನೆಟ್ಟಿನಡಿಯ ಸ್ಟಿಕರ್‌ನಲ್ಲಿರುವಷ್ಟೇ ಗ್ರಾಂ ತೂಗಿ ತುಂಬಿಸಲಿ. ಹೆಚ್ಚಾದರೂ ತಂಪು ಕಮ್ಮಿಯೇ.

ಇನ್ನು ಕಾರಿನಡಿ ತೊಟ್ಟಿಕ್ಕುವ ನೀರು: ಅದು ನಮ್ಮೂರ ಸೆಕೆಯ ತೇವ, ಹೆದರಬೇಡಿ. ಕಾಲಡಿಯ ಮ್ಯಾಟ್ ಒದ್ದೆಯಾದರೆ ಮಾತ್ರ ಡ್ರೈನ್ ಪೈಪ್ ಕಟ್ಟಿರಬೇಕು.